ಅಮಾನತ್ತಿನ ಲೆಕ್ಕ: ಮಸೀದಿಯ ಪುಸ್ತಕ ಹುಡುಗರ ಕೈಗೆ ಬಂದಾಗ

ಚಿಕ್ಕವನಿದ್ದಾಗ ‘ಅಮಾನತು’ ಅನ್ನುವ ಪದ ನನ್ನ ತಲೆ ಕೆಡಿಸಿತ್ತು. ಅಬ್ಬಾನ ಜೊತೆ ರಾಯಚೂರಿನ ತೀನ್ ಕಂದಿಲ್ ಕಡೆ ಚಹಾ ಕುಡಿಯೋಕೆ ಹೋದರೆ, ಹೋಟೆಲಿನ ಕನ್ನಡ ಪೇಪರಿನಲ್ಲಿ ‘ಗ್ರಾಮ ಲೆಕ್ಕಿಗ ಅಮಾನತು’ ಅಂತ ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ದುಡ್ಡು ತಿಂದವನಿಗೆ ಆಗೋದೇ ಅಮಾನತು ಅಂತ ತಿಳಿದುಕೊಂಡಿದ್ದೆ. ಶುಕ್ರವಾರ ಮಸೀದಿಗೆ ಹೋದರೆ ಹಜ್ರತರು, ಅಂದರೆ ನಮ್ಮ ಮೌಲ್ವಿಗಳು, ಉರ್ದು ಬಯಾನಿನಲ್ಲಿ (ಪ್ರವಚನದಲ್ಲಿ), ಅಮಾನತ್ ಇಲ್ಲದವನಿಗೆ ಈಮಾನೇ (ದೇವರ ಮೇಲಿನ ನಂಬಿಕೆಯೇ) ಇಲ್ಲ ಅನ್ನುತ್ತಿದ್ದರು. ಹಾಗಾದ್ರೆ ಆ ಗ್ರಾಮ ಲೆಕ್ಕಿಗ ಒಳ್ಳೆಯವನೋ, ಕೆಟ್ಟವನೋ?

ಎರಡೂ ಒಂದೇ ಪದ. ಅರಬ್ಬಿಯಿಂದ ಬಂದು ಕಚೇರಿ ಕನ್ನಡಕ್ಕೆ ಸೇರಿಕೊಂಡಿದೆ. ಮೂಲದಲ್ಲಿ ಅಮಾನತ್ ಅಂದರೆ ಬೇರೆಯವರ ವಸ್ತು, ನಂಬಿ ನಿಮ್ಮ ಹತ್ತಿರ ಇಟ್ಟದ್ದು. ಕೇಳಿದಾಗ ಹಾಗೇ ವಾಪಸ್ ಕೊಡಬೇಕು. ವಿಚಾರಣೆ ಮುಗಿಯುವ ತನಕ ನೌಕರನ ಕೆಲಸವನ್ನು ಸರ್ಕಾರ ಎತ್ತಿಡುವುದಕ್ಕೂ ಇದೇ ಹೆಸರು ಬಂತು. ಕೋರ್ಟಿನ ‘ಅಮೀನ’ ಇದ್ದಾನಲ್ಲ, ಅವನೂ ಈ ಪದದ ನೆಂಟನೇ. ಪ್ರವಾದಿ ಮುಹಮ್ಮದರಿಗೆ ಮಕ್ಕಾದ ಜನ ಪ್ರವಾದಿ ಅನ್ನುವ ಮೊದಲೇ ‘ಅಲ್ ಅಮೀನ್’ ಅನ್ನುತ್ತಿದ್ದರು, ನಂಬಿಗಸ್ತ ಅಂತ.

ಮುಸ್ಲಿಂ ಯುವಕರು, ನಾಯಕತ್ವ ಅಂದ ಕೂಡಲೇ ನಮಗೆ ಮೈಕು, ಫ್ಲೆಕ್ಸು, ಪಾರ್ಟಿ ಟಿಕೆಟ್ಟು ನೆನಪಾಗುತ್ತದೆ. ನಾನು ಗಂಜಿನ, ಅಂದರೆ ಊರಿನ ಸಗಟು ಮಾರುಕಟ್ಟೆಯ, ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನನಗೆ ಕಾಣುವ ನಾಯಕತ್ವ ಅದಕ್ಕಿಂತ ಚಿಕ್ಕದು. ಮೊಹಲ್ಲಾದ ಮಸೀದಿಯ ಜಮಾ-ಖರ್ಚಿನ ಪುಸ್ತಕ ಯಾರ ಕೈಲಿದೆ? ಅದನ್ನು ಯಾರು ಬೇಕಾದರೂ ತೆಗೆದು ನೋಡಬಹುದಾ? ಇಷ್ಟು ಗೊತ್ತಾದರೆ ಅಲ್ಲಿನ ಯುವಕರ ಸ್ಥಿತಿ ಅರ್ಧ ಗೊತ್ತಾದ ಹಾಗೆ.

ಮಸೀದಿಯಲ್ಲಿ ಯಾರು ಯಾರು?

ನಮ್ಮ ಅಂಗಡಿಯ ಸಾಹುಕಾರರು ಒಮ್ಮೆ ಕೇಳಿದ್ದರು, “ನಿಮ್ಮ ಮಸೀದಿಗೆ ಮೌಲ್ವಿಯೇ ದೊಡ್ಡವರಲ್ಲೇನು?” ಅಂತ. ಬಹಳ ಜನ ಹೀಗೇ ಅಂದುಕೊಂಡಿದ್ದಾರೆ. ಇಸ್ಲಾಮಿನಲ್ಲಿ ಪೂಜಾರಿ ಅನ್ನುವ ವರ್ಗ ಇಲ್ಲ. ಇಬ್ಬರು ಒಟ್ಟಿಗೆ ನಮಾಜ್ ಮಾಡಿದರೆ ಒಬ್ಬ ಮುಂದೆ ನಿಲ್ಲುತ್ತಾನೆ, ಆ ಹೊತ್ತಿಗೆ ಅವನೇ ಇಮಾಮ್. ಮಸೀದಿಯ ಇಮಾಮರು ಸಾಮಾನ್ಯವಾಗಿ ಕಮಿಟಿಯಿಂದ ಸಂಬಳ ತೆಗೆದುಕೊಳ್ಳುವವರು. ಸಂಬಳವೂ ಅಷ್ಟಕ್ಕಷ್ಟೇ. ಅಜಾನ್ ಕೂಗುವವರು ಮುಅಜ್ಜಿನ್. ಆಸ್ತಿ, ಬಾಡಿಗೆ, ರಿಪೇರಿ, ಕರೆಂಟ್ ಬಿಲ್ಲು ನೋಡಿಕೊಳ್ಳುವವರು ಮುತವಲ್ಲಿ ಅಥವಾ ಕಮಿಟಿ. ಕಮಿಟಿಯ ಅಧ್ಯಕ್ಷರನ್ನು ನಾವು ಸದರ್ ಸಾಬ್ ಅನ್ನುತ್ತೇವೆ. ಇಮಾಮರನ್ನು ನೇಮಿಸುವುದೂ ಅವರೇ, ತೆಗೆಯುವುದೂ ಅವರೇ. ಅಂದರೆ ಧರ್ಮ ಓದಿಕೊಂಡವರು ನೌಕರರು. ಅಧಿಕಾರ ಇರುವುದು ವ್ಯಾಪಾರಿಗಳು, ನಿವೃತ್ತ ನೌಕರರು, ಹಳೇ ಮನೆತನದವರ ಕೈಲಿ.

ಮುತವಲ್ಲಿ ಹುದ್ದೆ ಎಷ್ಟೋ ಕಡೆ ತಂದೆಯಿಂದ ಮಗನಿಗೆ ಬರುತ್ತದೆ. ಮಗ ದುಬೈನಲ್ಲಿದ್ದರೂ ಸರಿ.

ಇದಕ್ಕೆಲ್ಲ ಬುನಾದಿ ವಕ್ಫ್, ಅಂದರೆ ದೇವರ ಹೆಸರಲ್ಲಿ ಬಿಟ್ಟ ಆಸ್ತಿ. ಅರೇಬಿಯಾದ ಖೈಬರಿನಲ್ಲಿ ಒಳ್ಳೆಯ ಜಮೀನು ಸಿಕ್ಕಾಗ ಪ್ರವಾದಿಯವರ ಸಂಗಾತಿ ಹಜ್ರತ್ ಉಮರ್ ಅವರು, ಇದನ್ನೇನು ಮಾಡಲಿ ಅಂತ ಪ್ರವಾದಿಯವರನ್ನು ಕೇಳಿದರು. ಮೂಲ ಹಾಗೇ ಇರಲಿ, ಫಲವನ್ನು ದಾನ ಮಾಡು ಅನ್ನುವ ಉತ್ತರ ಬಂತು. ಅವತ್ತಿನಿಂದ ಆ ಜಮೀನನ್ನು ಮಾರುವ ಹಾಗಿಲ್ಲ, ಕೊಡುಗೆ ಕೊಡುವ ಹಾಗಿಲ್ಲ, ಮಕ್ಕಳಿಗೆ ಪಾಲು ಹಾಕುವ ಹಾಗಿಲ್ಲ. ನೋಡಿಕೊಳ್ಳುವವನು ತನ್ನ ಹೊಟ್ಟೆಗೆ ಬೇಕಾದಷ್ಟು, ನ್ಯಾಯವಾಗಿ ತಿನ್ನಬಹುದು, ಗಂಟು ಮಾಡಿಕೊಳ್ಳಬಾರದು ಅಂತಲೂ ಅದರಲ್ಲೇ ಸೇರಿತು. ಉಮರ್ ಅವರು ಹಾಕಿದ ಈ ಕೊನೇ ಷರತ್ತನ್ನು ಎಲ್ಲ ಕಮಿಟಿ ರೂಮುಗಳಲ್ಲಿ ಬರೆಸಿ ಹಾಕಬೇಕು ಅಂತ ನನ್ನ ಆಸೆ.

ಗಂಟಿನ ಗಾತ್ರ ಎಷ್ಟು ಅಂತೀರಾ? ಮುಸ್ಲಿಮರ ಸ್ಥಿತಿಗತಿ ಬಗ್ಗೆ 2006ರಲ್ಲಿ ಬಂದ ಸಾಚಾರ್ ಸಮಿತಿ ವರದಿ ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳನ್ನು ಲೆಕ್ಕ ಹಾಕಿತ್ತು. ಮಾರುಕಟ್ಟೆ ಬೆಲೆ ಸುಮಾರು 1.2 ಲಕ್ಷ ಕೋಟಿ ರೂಪಾಯಿ. ನೂರಕ್ಕೆ ಹತ್ತರಂತೆ ದುಡಿದರೂ ವರ್ಷಕ್ಕೆ 12,000 ಕೋಟಿ ಬರಬೇಕು. ಬರುತ್ತಿದ್ದದ್ದು ಸುಮಾರು 163 ಕೋಟಿ. ನಮ್ಮ ಗಂಜಿನಲ್ಲಿ ಯಾವ ದಲಾಲಿಯಾದರೂ ಇಂಥ ಲೆಕ್ಕ ತೋರಿಸಿದ್ದರೆ ಮರುದಿನ ಅಂಗಡಿ ಬಾಗಿಲು ಹಾಕಬೇಕಿತ್ತು.

ಚಿಕ್ಕ ಹುಡುಗನ ಅಂಗಿ

“ನೀವಿನ್ನೂ ಹುಡುಗರು, ಸುಮ್ನಿರಿ” ಅನ್ನುವ ಮಾತು ಪ್ರತಿ ಮೊಹಲ್ಲಾದಲ್ಲೂ ಕೇಳುತ್ತೇವೆ. ಧರ್ಮದಲ್ಲಿ ಹಾಗಿದೆಯಾ ಅಂತ ನೋಡಿದರೆ, ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ, ಅಮ್ರ್ ಬಿನ್ ಸಲಮಾ ಅನ್ನುವ ಹುಡುಗನ ಕಥೆ ಸಿಗುತ್ತದೆ.

ಅವನ ಕುಲದವರು ದಾರಿ ಬದಿಯ ನೀರಿನ ಹತ್ತಿರ ಇದ್ದವರು. ಹೋಗಿ ಬರುವ ಪ್ರಯಾಣಿಕರ ಬಾಯಲ್ಲಿ ಕೇಳಿ ಕೇಳಿ ಅವನಿಗೆ ಕುರ್‌ಆನ್ ಬಾಯಿಪಾಠ ಆಗಿತ್ತು. ಮಕ್ಕಾ ಗೆದ್ದ ಮೇಲೆ ಅವನ ತಂದೆ ಪ್ರವಾದಿಯವರನ್ನು ಕಂಡು ಬಂದು, ಯಾರಿಗೆ ಕುರ್‌ಆನ್ ಜಾಸ್ತಿ ಬರುತ್ತದೋ ಅವರು ಇಮಾಮ್ ಆಗಬೇಕಂತೆ ಅಂದರು. ಇಡೀ ಕುಲದಲ್ಲಿ ಹುಡುಕಿದರು. ಇವನಷ್ಟು ಬಂದವರು ಯಾರೂ ಇಲ್ಲ. ವಯಸ್ಸು ಆರೋ ಏಳೋ. ಅವನನ್ನೇ ಮುಂದೆ ನಿಲ್ಲಿಸಿದರು. ಅವನ ಮೈಮೇಲೆ ಇದ್ದದ್ದು ಒಂದು ಗಿಡ್ಡ ಹೊದಿಕೆ. ಸಜ್ದಾಕ್ಕೆ ಬಗ್ಗಿದರೆ ಹಿಂದೆ ಮೇಲಕ್ಕೆ ಹೋಗುತ್ತಿತ್ತು. ಒಬ್ಬಾಕೆ ಕೂಗಿ ಹೇಳಿದಳು: ನಿಮ್ಮ ಇಮಾಮನ ಹಿಂಭಾಗ ಮುಚ್ಚಬಾರದೇನ್ರಪ್ಪಾ ಅಂತ. ಬಟ್ಟೆ ತಂದು ಅಂಗಿ ಹೊಲಿಸಿದರು. ಆ ಅಂಗಿಯಿಂದ ಆದಷ್ಟು ಖುಷಿ ನನಗೆ ಬೇರೆ ಯಾವುದರಿಂದಲೂ ಆಗಿರಲಿಲ್ಲ ಅಂತ ದೊಡ್ಡವನಾದ ಮೇಲೆ ಅವನೇ ಹೇಳಿಕೊಂಡಿದ್ದಾನೆ.

ಇದನ್ನು ಕೇಳಿದ ಹುಡುಗರು ನಾಳೆಯೇ ಮುಂದೆ ನಿಲ್ಲಬೇಡಿ. ಶಾಫಿ ಪಂಥದವರು ಈ ಕಥೆ ಹಿಡಿದು, ತಿಳಿವಳಿಕೆ ಬಂದ ಬಾಲಕ ಇಮಾಮ್ ಆಗಬಹುದು ಅನ್ನುತ್ತಾರೆ. ನಮ್ಮ ಕಡೆ ಹೆಚ್ಚಿನವರು ಹನಫಿಗಳು. ಹನಫಿಯಲ್ಲಿ ಫರ್ಜ್ (ಕಡ್ಡಾಯ) ನಮಾಜಿಗೆ ಇಮಾಮ್ ಆಗಲು ಪ್ರಾಯಕ್ಕೆ ಬಂದಿರಬೇಕು. ಆದರೆ ಆ ಕುಲದವರು ನೋಡಿದ್ದು ವಿದ್ಯೆಯನ್ನು. ಮನೆತನ ಕೇಳಲಿಲ್ಲ, ಗಡ್ಡ ಹುಡುಕಲಿಲ್ಲ.

ಉಸಾಮಾ ಬಿನ್ ಜೈದ್ ಅವರದ್ದು ಇನ್ನೂ ದೊಡ್ಡ ಕಥೆ. ಸುಮಾರು 18 ವರ್ಷದ ಹುಡುಗನನ್ನು ಪ್ರವಾದಿಯವರು ದಂಡಿಗೆ ದಳಪತಿ ಮಾಡಿದರು. ಆ ದಂಡಿನಲ್ಲಿ ಹಜ್ರತ್ ಉಮರ್ ಅಂಥವರೂ ಇದ್ದರು. ಜನ ಗೊಣಗಿದರು. ಇವನ ತಂದೆಯನ್ನು ದಳಪತಿ ಮಾಡಿದಾಗಲೂ ನೀವು ಹೀಗೇ ಗೊಣಗಿದ್ದಿರಿ ಅಂತ ಪ್ರವಾದಿಯವರು ಬಾಯಿ ಮುಚ್ಚಿಸಿದರು. ಅವರು ತೀರಿಕೊಂಡ ಮೇಲೆ ಖಲೀಫರಾದ ಅಬೂಬಕರ್ ಅದೇ ದಂಡನ್ನು ಕಳಿಸಿಕೊಟ್ಟರು. ಉಸಾಮಾ ಕುದುರೆ ಮೇಲೆ, ಖಲೀಫರು ಪಕ್ಕದಲ್ಲಿ ನಡೆದುಕೊಂಡು. ಉಮರ್ ಅವರನ್ನು ಮದೀನಾದಲ್ಲೇ ಉಳಿಸಿಕೊಳ್ಳಬಹುದಾ ಅಂತ ಆ ಹುಡುಗನ ಅಪ್ಪಣೆ ಬೇರೆ ಕೇಳಿದರು. ಹುದ್ದೆ ಕೊಟ್ಟ ಮೇಲೆ ಅದಕ್ಕೆ ತಕ್ಕ ಮರ್ಯಾದೆಯನ್ನೂ ಕೊಟ್ಟರು. ನಮ್ಮಲ್ಲಿ ಯೂತ್ ವಿಂಗ್ ಅಂತ ಹೆಸರಿಟ್ಟು ಕುರ್ಚಿ ಜೋಡಿಸುವ ಕೆಲಸ ಹಚ್ಚುತ್ತಾರೆ, ಅಲ್ವಾ?

ನಮ್ಮ ದೇಶದ ಕಾನೂನು ಏನನ್ನುತ್ತದೆ? ಓಟಿಗೆ 18, ಗ್ರಾಮ ಪಂಚಾಯ್ತಿಗೆ ನಿಲ್ಲಲು 21, ವಿಧಾನಸಭೆಗೆ 25. 1995ರ ವಕ್ಫ್ ಕಾಯ್ದೆ ಪ್ರಕಾರ ರಾಜ್ಯ ವಕ್ಫ್ ಮಂಡಳಿಯ ಸದಸ್ಯನಾಗಲು 21 ತುಂಬಿದ್ದರೆ ಸಾಕು. ಹಾಗಾಗಿ “ಹುಡುಗರು” ಅನ್ನುವ ಅಡ್ಡಗಾಲು ಕಾನೂನಿನದ್ದಲ್ಲ, ಶರೀಅತ್ತಿನದ್ದೂ ಅಲ್ಲ. ಮೊಹಲ್ಲಾದ್ದು.

ಕೇಳಿದವನಿಗೆ ಕೊಡಬೇಡಿ

ಇನ್ನೊಂದು ಮಗ್ಗುಲೂ ಇದೆ, ಅದನ್ನು ಹುಡುಗರಿಗೆ ಹೇಳಲೇಬೇಕು. ಅಬೂಜರ್ ಅನ್ನುವ ಸಹಾಬಿ, ಅಂದರೆ ಪ್ರವಾದಿಯವರ ಸಂಗಾತಿ, ಬಹಳ ಸಾಚಾ ಮನುಷ್ಯ. ನನಗೊಂದು ಹುದ್ದೆ ಕೊಡಬಾರದೇ ಅಂತ ಪ್ರವಾದಿಯವರನ್ನು ಕೇಳಿದರು. ಅವರು ಹೆಗಲು ತಟ್ಟಿ, ಅಬೂಜರ್, ನಿನ್ನ ಕೈಲಾಗದು. ಅದೊಂದು ಅಮಾನತ್, ಹಕ್ಕಿನಿಂದ ಪಡೆದು ಸರಿಯಾಗಿ ನಿಭಾಯಿಸಿದವರನ್ನು ಬಿಟ್ಟರೆ ಉಳಿದವರಿಗೆ ಖಿಯಾಮತ್ತಿನ (ಅಂತಿಮ ತೀರ್ಪಿನ) ದಿನ ಅದು ಅವಮಾನ, ಪಶ್ಚಾತ್ತಾಪ ಅಂದರು. ಸಾಚಾತನ ಒಂದೇ ಸಾಲದು, ತಾಕತ್ತೂ ಬೇಕು.

ಹುದ್ದೆಯನ್ನು ಬಾಯಿಬಿಟ್ಟು ಕೇಳಬೇಡ ಅನ್ನುವ ಹದೀಸೂ ಇದೆ. ಹಾಗಾದರೆ ಕಮಿಟಿ ಎಲೆಕ್ಷನ್ನಿಗೆ ನಿಲ್ಲುವುದು ತಪ್ಪಾ? ಈ ಪ್ರಶ್ನೆ ನಮ್ಮ ಹುಡುಗರು ಕೇಳಿಯೇ ಕೇಳುತ್ತಾರೆ. ಉಲಮಾಗಳು, ಅಂದರೆ ಧರ್ಮ ಓದಿದ ಪಂಡಿತರು, ಇದಕ್ಕೆ ಪ್ರವಾದಿ ಯೂಸುಫರ ಉದಾಹರಣೆ ಕೊಡುತ್ತಾರೆ. ಈಜಿಪ್ಟಿನ ದೊರೆಗೆ ಅವರೇ, ನನ್ನನ್ನು ಉಗ್ರಾಣಗಳ ಮೇಲೆ ನೇಮಿಸಿ, ನಾನು ಕಾಯಬಲ್ಲೆ, ನನಗೆ ಗೊತ್ತಿದೆ ಅಂದದ್ದು ಕುರ್‌ಆನಿನಲ್ಲಿದೆ. ಬರ ಬರುವುದಿತ್ತು, ಲೆಕ್ಕ ಗೊತ್ತಿದ್ದವರು ಅವರೊಬ್ಬರೇ. ಆಸೆಗೆ ಕೇಳುವುದು ಬೇರೆ, ಕೆಲಸ ಕೆಡುತ್ತಿದೆ ಅಂತ ಕೇಳುವುದು ಬೇರೆ. ಯಾವುದು ಯಾವುದು ಅಂತ ಕೇಳಿದವನ ಮನಸ್ಸಿಗೇ ಗೊತ್ತಿರುತ್ತದೆ. ಊರ ತುಂಬ ಸ್ವಂತ ಫೋಟೋದ ಈದ್ ಮುಬಾರಕ್ ಫ್ಲೆಕ್ಸ್ ಹಾಕಿಸಿದವರ ವಿಷಯದಲ್ಲಿ ನಮಗೂ ಗೊತ್ತಾಗುತ್ತದೆ, ಬಿಡಿ.

ಮೋಟಾರು ಬಡವನಾ?

ನನ್ನದೇ ಒಂದು ತಪ್ಪು ಹೇಳುತ್ತೇನೆ. ಆಗ ನನಗೆ 24 ವರ್ಷ. ಲೆಕ್ಕ ಬರುತ್ತದೆ ಅಂತ ನಮ್ಮ ಮಸೀದಿಯ ಪುಸ್ತಕ ನನ್ನ ಕೈಗೆ ಕೊಟ್ಟಿದ್ದರು. ರಮ್ಜಾನ್ ತಿಂಗಳು. ಬಂದ ದುಡ್ಡೆಲ್ಲ ಒಂದೇ ಬಿಸ್ಕತ್ ಡಬ್ಬಿಗೆ ಹಾಕುತ್ತಿದ್ದೆ. ಇಪ್ಪತ್ತನೇ ರೋಜಾದ ದಿನ ಬೋರಿನ ಮೋಟಾರು ಸುಟ್ಟಿತು. ವಜೂಗೆ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋಕೆ, ನೀರಿಲ್ಲ. ಡಬ್ಬಿಯಿಂದ 6,800 ರೂಪಾಯಿ ತೆಗೆದು ಮೋಟಾರು ತಂದೆ. ಸಂಜೆಗೆ ನೀರು ಬಂತು, ಎಲ್ಲರೂ ಶಾಬಾಶ್ ಅಂದರು.

ಹಜ್ರತರು ಮಾತ್ರ ಪುಸ್ತಕ ತಿರುವಿ ಹಾಕಿ ಕೇಳಿದರು, “ಇದರಲ್ಲಿ ಜಕಾತ್ ದುಡ್ಡೂ ಇತ್ತಲ್ಲ ಬೇಟಾ? ಮೋಟಾರು ಬಡವನಾ?”

ಜಕಾತ್ ಅನ್ನುವುದು ಚಂದಾ ಅಲ್ಲ. ಏಳೂವರೆ ತೊಲ ಬಂಗಾರ, ಅಂದರೆ 87.48 ಗ್ರಾಂ, ಇಲ್ಲವೇ ಐವತ್ತೆರಡೂವರೆ ತೊಲ ಬೆಳ್ಳಿ, ಅಂದರೆ 612.36 ಗ್ರಾಂ. ಅಷ್ಟು ಬೆಲೆಯ ಸಂಪತ್ತು ಖರ್ಚು, ಸಾಲ ಕಳೆದು ಒಂದು ಚಾಂದ್ರ ವರ್ಷ ಕೈಲಿದ್ದರೆ ನೂರಕ್ಕೆ ಎರಡೂವರೆ ಕೊಡಲೇಬೇಕು. ಲಕ್ಷಕ್ಕೆ 2,500. ಅದು ಯಾರಿಗೆ ಸೇರಬೇಕು ಅಂತ ಕುರ್‌ಆನ್ ಎಂಟು ವರ್ಗ ಹೆಸರಿಸಿದೆ: ಬಡವರು, ಏನೂ ಇಲ್ಲದವರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಕೊಂಡ ಪ್ರಯಾಣಿಕ, ಹೀಗೆ. ಹನಫಿ ಉಲಮಾಗಳ ಪ್ರಕಾರ ಅದು ಒಬ್ಬ ಹಕ್ಕುದಾರನ ಕೈಗೆ ಅವನ ಸ್ವಂತದ್ದಾಗಿ ಸೇರಬೇಕು. ಮಸೀದಿ ಗೋಡೆಗೆ, ಬಣ್ಣಕ್ಕೆ, ಮೋಟಾರಿಗೆ ಹಾಕುವಂತಿಲ್ಲ. ನಾನು ಸುಟ್ಟ ಮೋಟಾರಿನ ಹೆಸರಲ್ಲಿ ಯಾರೋ ವಿಧವೆಯ ಪಾಲನ್ನು ತಿಂದಿದ್ದೆ. ಕಮಿಟಿಯವರು ಕೈಯಿಂದ ಹಾಕಿ ತುಂಬಿಕೊಟ್ಟರು. ನನ್ನ ಪಾಲೂ ಇತ್ತು.

ಮರುದಿನ ಹಜ್ರತರೇ ಪಟ್ಟಿ ಹಿಡಿದು ಪುಸ್ತಕದಲ್ಲಿ ಐದು ಕಾಲಮ್ ಗೆರೆ ಎಳೆದರು. ಚಂದಾ. ಜಕಾತ್. ಫಿತ್ರಾ, ಈದ್ ನಮಾಜಿಗೆ ಮುಂಚೆ ಬಡವರಿಗೆ ಸೇರಬೇಕಾದ, ತಲೆಗೆ ಸುಮಾರು ಪೌಣೆ ಎರಡು ಕಿಲೋ ಗೋಧಿಯ ಬೆಲೆ. ಮಳಿಗೆಗಳ ಬಾಡಿಗೆ. ಕೊನೆಗೆ ಬ್ಯಾಂಕಿನ ಬಡ್ಡಿ. ಬಡ್ಡಿಯನ್ನು ಮಸೀದಿಗೆ ಬಳಸುವಂತಿಲ್ಲ, ಪುಣ್ಯದ ಆಸೆ ಇಲ್ಲದೆ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಕು. ಆ ವರ್ಷದ ಕೊನೆಗೆ ನನ್ನ ಲೆಕ್ಕದಲ್ಲಿ 40 ರೂಪಾಯಿ ತಾಳೆಯಾಗಲಿಲ್ಲ. ಎರಡು ರಾತ್ರಿ ಕೂತು ಮತ್ತೆ ಮತ್ತೆ ಕೂಡಿ ನೋಡಿದೆ. “ಹೋಗ್ಲಿ ಬಿಡಪ್ಪಾ” ಅಂದರು ಸದರ್ ಸಾಬ್.

ಈಗ ಮಸೀದಿ ಬಾಗಿಲಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಫೋನ್‌ಪೇನಲ್ಲಿ ಬಂದ 500 ರೂಪಾಯಿ ಯಾವ ಕಾಲಮ್ಮಿನದ್ದು ಅಂತ ದುಡ್ಡು ಹೇಳುವುದಿಲ್ಲ. ನನ್ನ ಬಿಸ್ಕತ್ ಡಬ್ಬಿಯೇ ಫೋನಿನೊಳಗೆ ಹೋಗಿ ಕೂತಿತ್ತು. ಬಿ.ಕಾಂ. ಓದುವ ಒಬ್ಬ ಹುಡುಗ ಇದನ್ನು ನೋಡಿ ಜಕಾತಿಗೆ ಬೇರೆ ಖಾತೆ, ಬೇರೆ ಕೋಡ್ ಮಾಡಿಸಿದ. ಹಸಿರು ಬಣ್ಣದ್ದು ಚಂದಾ, ಬಿಳಿಯದ್ದು ಜಕಾತ್. ಪ್ರತಿ ಜುಮಾಕ್ಕೆ ಆ ವಾರದ ಜಮಾ-ಖರ್ಚು ಬೋರ್ಡಿನ ಮೇಲೆ ಬರೆಯುತ್ತಾನೆ. ಮೊದಲ ವಾರ ಹಿರಿಯರು ಮುಖ ಗಂಟಿಕ್ಕಿದರು, ನಮ್ಮ ಮೇಲೆ ನಂಬಿಕೆ ಇಲ್ಲವಾ ಅಂತ. ಮೂರನೇ ವಾರಕ್ಕೆ ಚಂದಾ ಜಾಸ್ತಿಯಾಯಿತು. ಆಮೇಲೆ ಯಾರೂ ಮಾತಾಡಲಿಲ್ಲ.

1345 ಅಂದರೆ ಯಾವ ವರ್ಷ?

ವಕ್ಫ್ ಕಾಯ್ದೆಗೆ ಏಪ್ರಿಲ್ 2025ರಲ್ಲಿ ದೊಡ್ಡ ತಿದ್ದುಪಡಿ ಬಂತು. ಅದರ ಪರ-ವಿರೋಧ ಚರ್ಚೆ ಬೇಕಾದಷ್ಟಾಗಿದೆ. ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಕೆಲವು ಕಲಮುಗಳಿಗೆ ಮಧ್ಯಂತರ ತಡೆಯನ್ನೂ ಕೊಟ್ಟಿದೆ. ಮಂಡಳಿಗೆ ಕಟ್ಟಬೇಕಾದ ವಂತಿಗೆ ನಿವ್ವಳ ಆದಾಯದ ಶೇಕಡಾ 7ರಿಂದ 5ಕ್ಕೆ ಇಳಿದಿದೆ. ಮೊಹಲ್ಲಾ ಮಟ್ಟದಲ್ಲಿ ಎಲ್ಲರ ನಿದ್ದೆ ಕೆಡಿಸಿದ್ದು ಉಮೀದ್ ಪೋರ್ಟಲ್, ವಕ್ಫ್ ಆಸ್ತಿಗಳ ಸರ್ಕಾರಿ ವೆಬ್‌ಸೈಟ್. ಜೂನ್ 6ರಂದು ಶುರುವಾಯಿತು. ಆರು ತಿಂಗಳೊಳಗೆ ಪ್ರತಿ ಆಸ್ತಿಯ ವಿವರ ಅದರಲ್ಲಿ ತುಂಬಬೇಕಿತ್ತು.

ಇಲ್ಲಿ ನಮ್ಮ ಭಾಗದ್ದೇ ಒಂದು ತೊಡಕು. ಬಳ್ಳಾರಿ ಮದ್ರಾಸಿನ ಬ್ರಿಟಿಷರ ಕೈಲಿತ್ತು. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಕೈಲಿದ್ದವು. ನಿಜಾಮರ ಕಚೇರಿ ಭಾಷೆ ಉರ್ದು. ನಮ್ಮ ಮಸೀದಿಯ ಹಳೇ ಕಾಗದಗಳೂ ಉರ್ದು, ಅದೂ ಗೀಚಿದಂಥ ಕೈಬರಹ. ಕಂಪ್ಯೂಟರ್ ಬರುವ ಹುಡುಗರು ಓದಿದ್ದು ಕನ್ನಡ, ಇಂಗ್ಲಿಷ್ ಮೀಡಿಯಂ. ಆ ಬರಹ ಓದಬಲ್ಲವರು ಮೊಹಲ್ಲಾಕ್ಕೆ ಒಬ್ಬರೇ: 80 ದಾಟಿದ ನಿವೃತ್ತ ಉರ್ದು ಮೇಷ್ಟ್ರು.

ಮಳೆಗಾಲದ ಒಂದು ಸಂಜೆ. ಮೇಷ್ಟ್ರು ಭೂತಗನ್ನಡಿ ಹಿಡಿದು ಕೂತಿದ್ದರು, ನಮ್ಮ ಬಿ.ಕಾಂ. ಹುಡುಗ ಲ್ಯಾಪ್‌ಟಾಪ್ ಮುಂದೆ. ಕಾಗದದಲ್ಲಿ ‘ಸನ್ 1345’ ಅಂತಿತ್ತು. ಹುಡುಗ ಫೋನಿನಲ್ಲಿ ಹಿಜ್ರಿ ತಾರೀಖು ತಿರುಗಿಸಿ 1926 ಅಂತ ಹೊಡೆದೇಬಿಟ್ಟ.

“ನಕ್ಕೋ ಬೇಟಾ, ಅಳಿಸು,” ಅಂದರು ಮೇಷ್ಟ್ರು. “ಇದು ಹಿಜ್ರಿ ಅಲ್ಲ, ಫಸಲಿ. ಕಂದಾಯದ ವರ್ಷ. 590 ಕೂಡು.”

1935. ಒಂಬತ್ತು ವರ್ಷ ವ್ಯತ್ಯಾಸ. ತಪ್ಪು ವರ್ಷ ತುಂಬಿದ್ದರೆ ನಾಳೆ ಕೋರ್ಟಿನಲ್ಲಿ ಎದುರಿನವರು ಹಿಡಿದುಕೊಳ್ಳಲು ಅಷ್ಟೇ ಸಾಕಾಗಿತ್ತು. ಆಮೇಲೆ ಆ ಹಳೇ ಸರ್ವೆ ನಂಬರನ್ನು ಈಗಿನ ಪಹಣಿ ಜೊತೆ ತಾಳೆ ನೋಡಲು ಹುಡುಗನಿಗೇ ನಾಲ್ಕು ದಿನ ಹಿಡಿಯಿತು. ಮೇಷ್ಟ್ರಿಗೆ ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಆ ವಾರ ನಮ್ಮ ಮೊಹಲ್ಲಾದಲ್ಲಿ ಯಾರು ನಾಯಕರು ಅಂತ ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಹುಡುಗರು ಅಂದರೆ ಎಲ್ಲ ಹೊಸದಲ್ಲ

ಯುವಕರು ಬಂದರೆ ಎಲ್ಲ ಉದಾರವಾಗುತ್ತದೆ ಅಂತ ಪೇಪರಿನವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿ. ಅಲಾಯಿ ದೇವರಿಗೆ ಹಿಂದೂಗಳೂ ಸಕ್ಕರೆ ಓದಿಸುತ್ತಾರೆ, ಹೆಜ್ಜೆ ಹಾಕುತ್ತಾರೆ. ನನ್ನ ನಾನಾನಂಥವರಿಗೆ ಅದು ಊರಹಬ್ಬ. ಯೂಟ್ಯೂಬಿನಲ್ಲಿ ಬಯಾನ್ ಕೇಳಿ ಬೆಳೆದ ಎಷ್ಟೋ ಹುಡುಗರಿಗೆ ಅದು ಶಿರ್ಕ್, ಅಲ್ಲಾಹನ ಜೊತೆ ಬೇರೆಯದನ್ನು ಸೇರಿಸುವುದು. ಇಲ್ಲಿ ಬಿಗಿ ಹುಡುಗರು, ಸಡಿಲ ಹಿರಿಯರು. ಹುಡುಗರು ಓದಿ ಕೇಳುವ ಪ್ರಶ್ನೆಯನ್ನು ತಳ್ಳಿಹಾಕಲಾಗುವುದಿಲ್ಲ. ಆದರೆ ನೂರಾರು ವರ್ಷ ಜೊತೆಗೆ ಬಾಳಿದ ಊರನ್ನು ಎರಡು ನಿಮಿಷದ ವಿಡಿಯೋದಿಂದ ತೀರ್ಮಾನ ಮಾಡಬೇಡಿ ಅನ್ನುವುದು ನನ್ನ ಕೋರಿಕೆ. ಕುರ್‌ಆನ್ ಹೇಳುವ ಶೂರಾ, ಅಂದರೆ ಕೂಡಿ ಕೂತು ಮಾತಾಡಿ ತೀರ್ಮಾನಿಸುವುದು, ಇಂಥ ಕಡೆಯೇ ಬೇಕಾಗುತ್ತದೆ.

ಇನ್ನು ಹೆಣ್ಣುಮಕ್ಕಳು. ಹುದೈಬಿಯಾ ಒಪ್ಪಂದದ ದಿನ ಬೇಸರದಲ್ಲಿದ್ದ ಸಹಾಬಿಗಳು ಪ್ರವಾದಿಯವರ ಮಾತಿಗೂ ಏಳಲಿಲ್ಲ. ನೀವು ಯಾರ ಜೊತೆಗೂ ಮಾತಾಡದೆ ಹೊರಗೆ ಹೋಗಿ ನಿಮ್ಮ ಕುರ್ಬಾನಿ ಮಾಡಿ, ತಲೆ ಬೋಳಿಸಿಕೊಳ್ಳಿ ಅಂತ ಸಲಹೆ ಕೊಟ್ಟವರು ಅವರ ಹೆಂಡತಿ ಉಮ್ಮೆ ಸಲಮಾ. ಹಾಗೇ ಮಾಡಿದರು, ಎಲ್ಲರೂ ಎದ್ದರು. ಹಜ್ರತ್ ಆಯಿಷಾ ಅವರಿಂದ ಬಂದ ಹದೀಸುಗಳೇ ಎರಡು ಸಾವಿರ ದಾಟುತ್ತವೆ. ರಾಜ್ಯ ವಕ್ಫ್ ಮಂಡಳಿಯಲ್ಲಿ ಇಬ್ಬರು ಮಹಿಳೆಯರು ಇರಲೇಬೇಕು ಅಂತ ಕಾನೂನಿದೆ. ನಮ್ಮ ಮೊಹಲ್ಲಾ ಕಮಿಟಿಯಲ್ಲಿ ಒಬ್ಬರೂ ಇಲ್ಲ. ಮಸೀದಿಯಲ್ಲಿ ನಮಾಜಿಗೆ ಬರುವ ಬಗ್ಗೆ ಉಲಮಾಗಳಲ್ಲಿ ಚರ್ಚೆ ಇದೆ, ಸರಿ. ಬಾಡಿಗೆ ಲೆಕ್ಕ ನೋಡಲು ಯಾವ ಚರ್ಚೆ? ಯಾವ ಮನೆಗೆ ಜಕಾತ್ ನಿಜವಾಗಿ ಬೇಕು ಅಂತ ಗಂಡಸರಿಗಿಂತ ಮೊದಲು ಗೊತ್ತಾಗುವುದು ಅವರಿಗೇ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸಲು ಮೊಹಲ್ಲಾದ ಮಕ್ಕಳೆಲ್ಲ ಹೋಗುವುದೂ ಡಿಗ್ರಿ ಓದುವ ಒಬ್ಬ ಹುಡುಗಿಯ ಮನೆಗೆ. ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಹೋದ ಶುಕ್ರವಾರ ನಮಾಜ್ ಮುಗಿಸಿ ಚಪ್ಪಲಿ ಹುಡುಕುತ್ತಿದ್ದೆ. ಬಿ.ಕಾಂ. ಹುಡುಗ ಓಡಿ ಬಂದ. ಹಳೇ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದಾನಂತೆ.

“ಚಾಚಾ, ನಿಮ್ಮ ಕಾಲದ ಪುಸ್ತಕದಲ್ಲಿ 40 ರೂಪಾಯಿ ಕಮ್ಮಿ ಬರ್ತಿದೆ.”

“ಗೊತ್ತಪ್ಪಾ. ಎರಡು ರಾತ್ರಿ ಹುಡುಕಿದ್ದೆ.”

“ಏನು ಮಾಡ್ಲಿ? ಹಾಗೇ ಬಿಡೋಕಾಗಲ್ಲ, ಮುಂದಿನ ಎಲ್ಲ ವರ್ಷನೂ ತಪ್ಪಾಗುತ್ತೆ.”

ಫೋನ್ ತೆಗೆದೆ. ಬಾಗಿಲ ಹತ್ತಿರ ಹೋಗಿ ನಿಂತೆ. ಅವನೂ ಹಿಂದೆಯೇ ಬಂದ.

“ಯಾವುದಕ್ಕೆ ಹಾಕ್ಲಿ, ಹಸಿರಿಗಾ ಬಿಳಿಗಾ?” ಅಂದೆ.

ಅವನು ತಲೆ ಕೆರೆದುಕೊಂಡ. “ಒಂದು ನಿಮಿಷ ಚಾಚಾ,” ಅಂದವನೇ ಹಜ್ರತರನ್ನು ಕೇಳಲು ಒಳಗೆ ಹೋದ.